ಲೈಬ್ರರಿ ಮಿಸ್‌ಗಳ ಶನಿವಾರ

ಜೆ.ಪಿ. ನಗರದ ಶಾಲೆಯೊಂದರ ಎರಡನೇ ಮಹಡಿ. ಮೂರನೇ ಪೀರಿಯಡ್ಡಿನ ಗಂಟೆಯ ಸದ್ದು ಇನ್ನೂ ಆರಿಲ್ಲ, ಐದನೇ ಕ್ಲಾಸಿನ ಮಕ್ಕಳು ಲೈಬ್ರರಿ ಬಾಗಿಲಲ್ಲಿ ಶೂ ಬಿಚ್ಚುತ್ತಿದ್ದಾರೆ. ಅಲ್ಲಿಯವರೆಗೆ ಸಾಲು, ಒಳಗೆ ಕಾಲಿಟ್ಟರೆ ಓಟ. ಡೈನೋಸಾರುಗಳಿರುವ ಕೆಳಗಿನ ಶೆಲ್ಫಿಗೆ ನಾಲ್ಕೈದು ಜನ ಒಟ್ಟಿಗೇ ಮುಗಿಬೀಳುತ್ತಾರೆ. ಒಬ್ಬ ಆಗಲೇ ಕಿಟಕಿ ಪಕ್ಕದ ಚಾಪೆಯ ಮೇಲೆ ಬೋರಲು ಬಿದ್ದು ಕಾಮಿಕ್ಸ್ ತೆರೆದಿದ್ದಾನೆ. "ಮಿಸ್, ಹಾವಿನ ಬುಕ್ಕು ವಾಪಸ್ ಬಂತಾ?" "ಮಿಸ್, ಇವ್ನು ಎರಡು ತಗೊಂಡಿದಾನೆ!" ಮಿಸ್ ಬಾರ್‌ಕೋಡ್ ಸ್ಕ್ಯಾನರ್ ಕೆಳಗಿಟ್ಟು ಕಿತ್ತುಬಂದ ಬೈಂಡಿಗೆ ಟೇಪು ಅಂಟಿಸುತ್ತ, ಕಣ್ಣಿನಲ್ಲೇ ಗಲಾಟೆ ಅಡಗಿಸುತ್ತಿದ್ದಾರೆ. ನಲವತ್ತು ಮಕ್ಕಳು, ನಲವತ್ತು ನಿಮಿಷ.

ಕನ್ನಡ ಪುಸ್ತಕಗಳ ಬೀರು ಇರುವುದು ಮೂಲೆಯಲ್ಲಿ. ಅದರ ಮುಂದೆ ಒಬ್ಬಳೇ ಹುಡುಗಿ. ಒಂದು ಪುಸ್ತಕ ಎಳೆದು, ಬೆರಳಿಟ್ಟು ಅಕ್ಷರ ಕೂಡಿಸಿ ಎರಡು ಸಾಲು ಓದಿ ನೋಡಿ, ಮಿಸ್ ಹತ್ತಿರ ಬಂದಳು. "ಇದು ನಂಗೆ ಓದಕ್ಕಾಗತ್ತಾ ಮಿಸ್? ಕಥೆ ಚೆನ್ನಾಗಿದ್ಯಾ?" ಮಿಸ್ ಪುಸ್ತಕದ ದಪ್ಪ ನೋಡಿದರು, ಅಕ್ಷರದ ಗಾತ್ರ ನೋಡಿದರು. "ತಗೊಂಡ್ಹೋಗಿ ನೋಡು ಪುಟ್ಟಾ" ಅಂದರು. ಆ ಪುಸ್ತಕವನ್ನು ಅವರು ಓದಿರಲಿಲ್ಲ. ಓದುವುದಕ್ಕೆಂದು ಅವರಿಗೆ ಯಾರೂ ಹೊತ್ತು ಕೊಟ್ಟಿರಲಿಲ್ಲ.

ಹೊತ್ತು ಎಲ್ಲಿಂದ ಬರಬೇಕು? ಬೆಳಿಗ್ಗೆ ಗಣಿತದ ಮೇಡಂ ರಜೆ, ಅವರ ಕ್ಲಾಸಿಗೆ ಸಬ್‌ಸ್ಟಿಟ್ಯೂಷನ್. ಆಮೇಲೆ ಹೊಸ ಮಕ್ಕಳ ಐಡಿ ಕಾರ್ಡು. ಜೂನ್ ಬಂದರೆ ಪಠ್ಯಪುಸ್ತಕ ಹಂಚುವುದು, ಮಾರ್ಚ್ ಬಂದರೆ ಸ್ಟಾಕ್ ವೆರಿಫಿಕೇಷನ್. ಎಂ.ಲಿಬ್ ಮಾಡಿಕೊಂಡು ಬಂದವರು ಇವರು. ವರ್ಗೀಕರಣ, ಸೂಚೀಕರಣ, ಗ್ರಂಥಾಲಯ ಆಡಳಿತ ಎಲ್ಲ ಕಲಿತಿದ್ದಾರೆ. ಒಂಬತ್ತು ವರ್ಷದ ಮಗುವಿನ ಮುಂದೆ ಕಥೆ ಪುಸ್ತಕ ಹಿಡಿದು ಗಟ್ಟಿಯಾಗಿ ಓದುವುದು ಹೇಗೆ, ಓದಲು ಒಲ್ಲದ ಹುಡುಗನ ಕೈಗೆ ಮೊದಲು ಯಾವ ಪುಸ್ತಕ ಕೊಡಬೇಕು ಎಂಬುದನ್ನು ಇಲ್ಲಿಗೆ ಬಂದ ಮೇಲೆ ತಾವೇ ಕಂಡುಕೊಳ್ಳಬೇಕಾಯಿತು.

ಶಾಲೆಗಳಲ್ಲಿ ತರಬೇತಿಗೇನೂ ಕೊರತೆಯಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ಪ್ರಕಾರ ಪ್ರತಿಯೊಬ್ಬ ಶಿಕ್ಷಕರೂ ವರ್ಷಕ್ಕೆ ಕನಿಷ್ಠ 50 ಗಂಟೆ ತಮ್ಮ ವೃತ್ತಿಯ ಕಲಿಕೆಗೆ ಮೀಸಲಿಡಬೇಕು. ಅದೇ ನೀತಿ ಗ್ರಂಥಾಲಯಗಳಿಗೆ ಸಾಕಷ್ಟು ಸಿಬ್ಬಂದಿ ಬೇಕು, ಅವರಿಗೂ ನಿರಂತರ ವೃತ್ತಿ ತರಬೇತಿ ಮತ್ತು ಬಡ್ತಿಯ ದಾರಿ ಇರಬೇಕು ಎನ್ನುತ್ತದೆ. ಮೊದಲ ಮಾತು ಶಾಲೆಯ ನೋಟಿಸ್ ಬೋರ್ಡಿಗೆ ಬಂದಿದೆ, ಎರಡನೆಯದು ಅಷ್ಟಾಗಿ ಬಂದಿಲ್ಲ. ಎಷ್ಟೋ ಕಡೆ ಶಿಕ್ಷಕರ ತರಬೇತಿ ನಡೆಯುವುದು ಲೈಬ್ರರಿ ಕೋಣೆಯಲ್ಲೇ. ಪ್ರೊಜೆಕ್ಟರ್ ಜೋಡಿಸಿಕೊಡುವವರು ಲೈಬ್ರರಿಯನ್. ಹಾಜರಿ ಪಟ್ಟಿಯಲ್ಲಿ ಅವರ ಹೆಸರಿರುವುದಿಲ್ಲ. ಸರ್ಕಾರಿ ಶಾಲೆಗಳ ಕಥೆ ಇನ್ನೂ ಬೇರೆ. ಅಲ್ಲಿ ಸಾಮಾನ್ಯವಾಗಿ ಬೀರುವಿನ ಕೀಲಿ ಯಾರಾದರೊಬ್ಬ ಶಿಕ್ಷಕರ ಬಳಿ ಇರುತ್ತದೆ, ಪಾಠದ ಜೊತೆಗೆ ಇದೂ ಒಂದು ಹೊಣೆ. ಸಮಗ್ರ ಶಿಕ್ಷಣ ಯೋಜನೆಯಡಿ ಪುಸ್ತಕಕ್ಕೆಂದು ಪ್ರಾಥಮಿಕ ಶಾಲೆಗೆ ವರ್ಷಕ್ಕೆ 5,000 ರೂಪಾಯಿವರೆಗೆ ಅನುದಾನವುಂಟು. ಆ ದುಡ್ಡಿಗೆ ಯಾವ ಪುಸ್ತಕ ಆರಿಸಬೇಕು ಎಂದು ಹೇಳಿಕೊಡುವವರು ವಿರಳ.

ಇದು ನಡೆಯುತ್ತಿರುವುದು ಎಸ್.ಆರ್. ರಂಗನಾಥನ್ ಬಾಳಿದ ಊರಿನಲ್ಲಿ. ಭಾರತದ ಗ್ರಂಥಾಲಯ ವಿಜ್ಞಾನಕ್ಕೆ ತಳಹದಿ ಹಾಕಿದ ಅವರು 1957ರಲ್ಲಿ ಬೆಂಗಳೂರಿಗೆ ಬಂದು ನೆಲೆಸಿದರು. 1962ರಲ್ಲಿ ಇಲ್ಲಿ ಡಿಆರ್‌ಟಿಸಿ ಎಂಬ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿದರು. 1972ರಲ್ಲಿ ತೀರಿಕೊಂಡದ್ದೂ ಈ ಊರಲ್ಲೇ. ಅವರ ಹುಟ್ಟುಹಬ್ಬವೆಂದು ದೇಶ ಆಚರಿಸುವ ಆಗಸ್ಟ್ 12 ಗ್ರಂಥಪಾಲಕರ ದಿನ. ಅಂದು ಶಾಲೆಗಳಲ್ಲಿ ಫೋಟೋಗೆ ಹೂವಿನ ಹಾರ ಬೀಳುತ್ತದೆ. ಹಾರ ಹಾಕುವವರಿಗೆಲ್ಲ ಅವರ ಆರಂಭದ ದಿನಗಳ ಕಥೆ ಗೊತ್ತಿರಬೇಕು ಎಂದು ನನಗನ್ನಿಸುತ್ತದೆ. ರಂಗನಾಥನ್ ಗಣಿತದ ಮೇಷ್ಟರು. 1924ರ ಜನವರಿಯಲ್ಲಿ ಮದ್ರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಕೂತು ಕೂತು ಬೇಸತ್ತರು. ಮಾತಾಡಲು ವಿದ್ಯಾರ್ಥಿಗಳಿಲ್ಲ, ಸುತ್ತ ಬರೀ ಕಪಾಟು. ಕೆಲವೇ ದಿನಗಳಲ್ಲಿ ಹಳೆಯ ಕಾಲೇಜಿಗೆ ಹೋಗಿ, ನನ್ನ ಮೇಷ್ಟರ ಕೆಲಸ ವಾಪಸ್ ಕೊಡಿ ಎಂದು ಕೇಳಿದರು. ಮೊದಲು ಇಂಗ್ಲೆಂಡಿಗೆ ಹೋಗಿ ಕಲಿತು ಬನ್ನಿ, ಆಮೇಲೂ ಬೇಡವೆನಿಸಿದರೆ ನೋಡೋಣ ಎಂಬ ಒಪ್ಪಂದವಾಯಿತು. ಲಂಡನ್ನಿನಲ್ಲಿ ಅವರು ತರಗತಿಯಲ್ಲಿ ಕೂತರು, ಅದಕ್ಕಿಂತ ಹೆಚ್ಚಾಗಿ ಗ್ರಂಥಾಲಯಗಳನ್ನು ಸುತ್ತಿದರು. ಸುಮಾರು ನೂರು ಗ್ರಂಥಾಲಯ ನೋಡಿದರೆಂದು ಹೇಳುತ್ತಾರೆ. ಒಂದು ಅಂಗಡಿಯಲ್ಲಿ ಬಿಡಿಭಾಗ ಜೋಡಿಸುವ ಮೆಕಾನೋ ಆಟಿಕೆ ಕಂಡು ಅವರಿಗೆ ಹೊಳೆದದ್ದೇ ಮುಂದೆ ಕೋಲನ್ ವರ್ಗೀಕರಣವಾಯಿತು. ಮರಳಿ ಬಂದವರು ಮತ್ತೆ ಕಾಲೇಜಿನ ಕಡೆ ತಿರುಗಲಿಲ್ಲ. 1929ರಲ್ಲಿ ಇತರರಿಗೆ ತರಬೇತಿ ಶುರುಮಾಡಿದರು. 1931ರಲ್ಲಿ ಗ್ರಂಥಾಲಯ ವಿಜ್ಞಾನದ ಪಂಚಸೂತ್ರಗಳ ಪುಸ್ತಕ ಹೊರಬಂತು. 1942ರಲ್ಲಿ ಶಾಲಾ ಕಾಲೇಜುಗಳ ಗ್ರಂಥಾಲಯಗಳಿಗೆಂದೇ ಒಂದು ಪುಸ್ತಕ ಬರೆದರು. ಕೆಲಸ ಬಿಟ್ಟುಹೋಗಲು ಹೊರಟಿದ್ದ ಮನುಷ್ಯನನ್ನು ಹಿಡಿದು ನಿಲ್ಲಿಸಿದ್ದು ಬೇರೆಯವರ ಲೈಬ್ರರಿಗಳನ್ನು ಕಣ್ಣಾರೆ ನೋಡಿದ್ದು.

ಈ ಶನಿವಾರ ಮಧ್ಯಾಹ್ನ ಜಯನಗರದ ಒಂದು ಶಾಲೆಯಲ್ಲಿ ಸೇರಿರುವ ಗುಂಪೂ ಅದನ್ನೇ ಮಾಡುತ್ತಿದೆ. ಸುತ್ತಮುತ್ತಲ ಕೆಲವು ಶಾಲೆಗಳ ಲೈಬ್ರರಿಯನ್‌ಗಳು ಸರದಿಯ ಮೇಲೆ ಒಬ್ಬೊಬ್ಬರ ಲೈಬ್ರರಿಯಲ್ಲಿ ಸೇರುತ್ತಾರೆ. ಜೆ.ಪಿ. ನಗರದ ಮಿಸ್ ಕೂಡ ಅವರಲ್ಲೊಬ್ಬರು. ಗುಂಪಿಗೆ ಹೆಸರಿಲ್ಲ, ಬ್ಯಾನರಿಲ್ಲ. ಬನಶಂಕರಿಯವರು ಮೆಟ್ರೊ ಹತ್ತಿ ಎರಡೇ ನಿಲ್ದಾಣಕ್ಕೆ ಇಳಿಯುತ್ತಾರೆ. ಬಿಟಿಎಂ ಕಡೆಯವರು ಜಯದೇವದ ಟ್ರಾಫಿಕ್ಕಿನಲ್ಲಿ ಸಿಕ್ಕು ತಡವಾಗಿ ಬರುತ್ತಾರೆ. ಒಂದನೇ ಕ್ಲಾಸಿನ ಮಕ್ಕಳ ಪುಟ್ಟ ಕುರ್ಚಿಗಳ ಮೇಲೆ ಎಲ್ಲರೂ ಮೊಣಕಾಲು ಎತ್ತರಿಸಿಕೊಂಡು ಕೂತಿದ್ದಾರೆ. ಅಯ್ಯಂಗಾರ್ ಬೇಕರಿಯ ಖಾರ ಬನ್ನು, ಫ್ಲಾಸ್ಕಿನಲ್ಲಿ ಕಾಫಿ. ಹೊರಗೆ ಮಳೆ ಹನಿಯುತ್ತಿದೆ, ಬಿಸಿಲಿಗೆ ಹಾಕಿದ್ದ ಹಳೆಯ ಪುಸ್ತಕಗಳನ್ನು ಆಯಾ ಒಳಗೆ ತಂದಿಡುತ್ತಿದ್ದಾರೆ.

ಮೊದಲಿಗೆ ಗಟ್ಟಿ ಓದು. ಒಬ್ಬ ಮೇಡಂ ಚಿತ್ರಪುಸ್ತಕ ಹಿಡಿದು ಓದುತ್ತಾರೆ, ಉಳಿದವರು ಮಕ್ಕಳಾಗಿ ಕೇಳುತ್ತಾರೆ. ಓದಿ ಮುಗಿಸಿದ್ದೇ ತಡ, ಹಿರಿಯರೊಬ್ಬರು ಮೆಲ್ಲಗೆ ಹೇಳುತ್ತಾರೆ, "ಪುಟ ತಿರುಗಿಸೋಕೆ ಮುಂಚೆ ಒಂದು ಕ್ಷಣ ನಿಲ್ಲಿಸಿ ಮೇಡಂ. ಮುಂದೇನು ಅಂತ ಮಕ್ಕಳೇ ಹೇಳ್ಲಿ." ಪುಸ್ತಕ ಹಿಡಿಯುವ ಎತ್ತರದ ಬಗ್ಗೆ ಮಾತಾಗುತ್ತದೆ, ಬೆರಳು ಚಿತ್ರವನ್ನು ಮುಚ್ಚುತ್ತಿತ್ತಲ್ಲ ಎಂಬ ಮಾತು ಬರುತ್ತದೆ. ಅದೇ ಪುಸ್ತಕವನ್ನು ಇನ್ನೊಬ್ಬರು ಓದುತ್ತಾರೆ. ಈ ಸಲ ಕೋಣೆಯಲ್ಲಿ ನಿಜಕ್ಕೂ ನಗು ಏಳುತ್ತದೆ.

ಆಮೇಲೆ ಕನ್ನಡದ ಬೀರುವಿನ ಪ್ರಶ್ನೆ. 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆಯಂತೆ ಯಾವ ಬೋರ್ಡಿನ ಶಾಲೆಯಾದರೂ ಮಕ್ಕಳು ಕನ್ನಡವನ್ನು ಮೊದಲ ಅಥವಾ ಎರಡನೇ ಭಾಷೆಯಾಗಿ ಕಲಿಯಬೇಕು. ಮನೆಯಲ್ಲಿ ತಮಿಳು, ತೆಲುಗು, ಹಿಂದಿ, ಒಡಿಯಾ ಆಡುವ ಮಕ್ಕಳು ಬಿಟಿಎಂ ಶಾಲೆಗಳಲ್ಲಿ ಪರೀಕ್ಷೆಗಷ್ಟು ಕನ್ನಡ ಕಲಿಯುತ್ತಾರೆ, ಕಥೆ ಓದುವ ಹಂತಕ್ಕೆ ಬರುವುದು ಕಷ್ಟ. ಡ್ಯೂಯಿ ವರ್ಗೀಕರಣ ಪದ್ಧತಿಯಲ್ಲಿ ಕನ್ನಡ ಸಾಹಿತ್ಯಕ್ಕೆಲ್ಲ ಒಂದೇ ಸಂಖ್ಯೆ, 894.814. ಹೀಗಾಗಿ ಆರು ವರ್ಷದವರ ಚಿತ್ರಕಥೆಯೂ ಕಾಲೇಜಿನವರು ಓದುವ ಕಾದಂಬರಿಯೂ ಒಂದೇ ಬೀರುವಿನಲ್ಲಿ ಹೆಗಲಿಗೆ ಹೆಗಲು ಕೊಟ್ಟು ನಿಂತಿರುತ್ತವೆ. ಕೋರಮಂಗಲದಲ್ಲಿ ಹುಟ್ಟಿದ ಹಿಪ್ಪೊಕ್ಯಾಂಪಸ್ ಎಂಬ ಮಕ್ಕಳ ಲೈಬ್ರರಿ ಹಸಿರು, ಕೆಂಪು, ಕಿತ್ತಳೆ, ಬಿಳಿ, ನೀಲಿ, ಹಳದಿ ಎಂದು ಬಣ್ಣಗಳಲ್ಲಿ ಓದಿನ ಹಂತಗಳನ್ನು ಗುರುತಿಸಿತ್ತು. ಅದನ್ನು ಕಂಡವರು ಇಲ್ಲೊಬ್ಬರಿದ್ದಾರೆ. ಕನ್ನಡ ಪುಸ್ತಕಗಳಿಗೆ ತಾವೇ ಬಣ್ಣದ ಚುಕ್ಕೆ ಅಂಟಿಸಿದ್ದಾರೆ. ಅಂಟಿಸುವ ಮುಂಚೆ ಪ್ರತಿಯೊಂದನ್ನೂ ಓದಿದ್ದಾರೆ. "ಒತ್ತಕ್ಷರ ಎಷ್ಟಿದೆ, ವಾಕ್ಯ ಎಷ್ಟುದ್ದ, ಚಿತ್ರ ಸಹಾಯ ಮಾಡತ್ತಾ, ಅಷ್ಟೇ ನೋಡ್ದೆ ರೀ. ಬೇಸಿಗೆ ರಜೆ ಪೂರ್ತಿ ಹಿಡೀತು." ಆ ರಜೆಯ ಓದಿಗಿಂತ ಒಳ್ಳೆಯ ತರಬೇತಿ ಯಾವ ಸಭಾಂಗಣದಲ್ಲೂ ಸಿಗಲಾರದು ಎಂದು ಅವರ ಮಾತು ಕೇಳುತ್ತ ನನಗೆ ಖಾತ್ರಿಯಾಯಿತು.

ಬಿಟಿಎಂನ ಸರ್ ಲ್ಯಾಪ್‌ಟಾಪ್ ತೆರೆದು ಮತ್ತೊಂದು ತೊಡಕು ತೋರಿಸುತ್ತಾರೆ. ಅವರ ಶಾಲೆಯಲ್ಲಿ ಕೋಹಾ ಎಂಬ ಗ್ರಂಥಾಲಯ ತಂತ್ರಾಂಶವಿದೆ. ನ್ಯೂಜಿಲೆಂಡಿನ ಒಂದು ಸಣ್ಣ ಸಾರ್ವಜನಿಕ ಗ್ರಂಥಾಲಯಕ್ಕಾಗಿ ಹುಟ್ಟಿದ್ದು, ಯಾರು ಬೇಕಾದರೂ ಬಿಟ್ಟಿಯಾಗಿ ಬಳಸಬಹುದು. ಹಿಂದಿದ್ದವರು ಕನ್ನಡ ಶೀರ್ಷಿಕೆಗಳನ್ನೆಲ್ಲ ಇಂಗ್ಲಿಷ್ ಅಕ್ಷರದಲ್ಲಿ ಹೊಡೆದಿದ್ದಾರೆ. ತೇಜಸ್ವಿಯವರ 'ಕರ್ವಾಲೊ' ಒಂದು ಪ್ರತಿ ಒಂದು ಸ್ಪೆಲಿಂಗಿನಲ್ಲಿ, ಇನ್ನೊಂದು ಪ್ರತಿ ಬೇರೆ ಸ್ಪೆಲಿಂಗಿನಲ್ಲಿ ಕೂತಿದೆ. ಮಗು ಕನ್ನಡದಲ್ಲಿ ಹುಡುಕಿದರೆ ಎರಡೂ ಸಿಗುವುದಿಲ್ಲ. ಯೂನಿಕೋಡ್ ಕೀಲಿಮಣೆ ಹಾಕಿಕೊಳ್ಳುವುದನ್ನು ಒಬ್ಬರಿಗೊಬ್ಬರು ಹೇಳಿಕೊಡುತ್ತ ಅರ್ಧ ಗಂಟೆ ಕಳೆಯಿತು. ಸಂಜೆಯೊಳಗೆ ಒಂದಿಷ್ಟು ಶೀರ್ಷಿಕೆಗಳು ಕನ್ನಡ ಲಿಪಿಗೆ ಬಂದವು.

ಪುಸ್ತಕ ಕಳೆಯುವ ಭಯದ ಮಾತು ಬಂದಾಗ ಎಲ್ಲರ ದನಿಯೂ ತಗ್ಗಿತು. ಕಳೆದ ಪುಸ್ತಕದ ಹಣ ಯಾರ ಸಂಬಳದಿಂದ ಹೋಗುತ್ತದೋ ಎಂಬ ಅಂಜಿಕೆಗೆ ಒಳ್ಳೊಳ್ಳೆಯ ಪುಸ್ತಕಗಳು ಬೀರುವಿನ ಗಾಜಿನ ಹಿಂದೆಯೇ ಉಳಿಯುತ್ತವೆ. ಇಲ್ಲಿ ಒಂದು ನಿಯಮವನ್ನು ಪ್ರತಿ ಲೈಬ್ರರಿಯನ್ ತಿಳಿದಿರಬೇಕು. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳ 215ನೇ ನಿಯಮದಂತೆ, ವರ್ಷದಲ್ಲಿ ಓದಲು ಕೊಟ್ಟ ಪ್ರತಿ 1,000 ಪುಸ್ತಕಕ್ಕೆ 5 ಕಳೆದರೆ, ಅದರಲ್ಲಿ ಮೋಸವೋ ನಿರ್ಲಕ್ಷ್ಯವೋ ಇಲ್ಲದಿದ್ದರೆ, ಸಹಜ ನಷ್ಟವೆಂದು ಒಪ್ಪಬಹುದು. 1,000 ರೂಪಾಯಿಗಿಂತ ಬೆಲೆಬಾಳುವ ಮತ್ತು ಅಪರೂಪದ ಪುಸ್ತಕಗಳಿಗೆ ಮಾತ್ರ ವಿಚಾರಣೆ ಕಡ್ಡಾಯ. ಖಾಸಗಿ ಶಾಲೆಗೆ ಇದು ಕಟ್ಟುಪಾಡಲ್ಲ, ಆದರೂ ಆಡಳಿತ ಮಂಡಳಿಯ ಮೇಜಿನ ಮೇಲಿಡಲು ಯೋಗ್ಯವಾದ ಕಾಗದ. ಗುಂಪಿನಲ್ಲಿ ಹಲವರು ಅದನ್ನು ಮೊದಲ ಸಲ ಕೇಳುತ್ತಿದ್ದರು. ಪೆನ್ನುಗಳು ಹೊರಬಂದವು.

ಮಾಗಡಿ ತಾಲ್ಲೂಕಿನ ಸೆಂಟರ್ ಫಾರ್ ಲರ್ನಿಂಗ್ ಶಾಲೆಯ ಮಾತೂ ಆಗ ಎದ್ದಿತು. ಅಲ್ಲಿನ ಲೈಬ್ರರಿಗೆ ಕಾವಲಿಲ್ಲ, ಮಕ್ಕಳು ತಾವೇ ಬರೆದಿಟ್ಟು ಪುಸ್ತಕ ಒಯ್ಯುತ್ತಾರೆ. ಅದನ್ನು ಬೆಳೆಸಿದ ಉಷಾ ಮುಕುಂದ ಈ ತೆರೆದ ಗ್ರಂಥಾಲಯದ ಅನುಭವವನ್ನು ಬರೆದು, ಶಾಲಾ ಗ್ರಂಥಪಾಲಕರಿಗೆ ಕಾರ್ಯಾಗಾರಗಳನ್ನೂ ನಡೆಸಿದವರು. "ನಮ್ಮಲ್ಲಿ ಸಾವಿರಾರು ಮಕ್ಕಳು, ಅದೆಲ್ಲ ಆಗತ್ತಾ?" ಎಂದು ಒಬ್ಬರು ಕೇಳಿದರು. ಕನ್ನಡದ ಒಂದೇ ಬೀರುವಿನ ಬೀಗ ತೆಗೆದು ಒಂದು ಟರ್ಮ್ ನೋಡೋಣ ಎಂದು ಇನ್ನೊಬ್ಬರು. ನನಗೆ ಎರಡನೆಯ ಮಾತು ಹಿಡಿಸಿತು.

ಮನೆಗೆಲಸವೂ ಉಂಟು. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್‌ನಲ್ಲಿ ಮಕ್ಕಳ ಕಥೆಗಳು ಮುಕ್ತ ಪರವಾನಗಿಯಲ್ಲಿವೆ, ಯಾರಾದರೂ ಅನುವಾದಿಸಬಹುದು. ಪ್ರತಿಯೊಬ್ಬರೂ ಒಂದು ಕಥೆಯನ್ನು ಕನ್ನಡಕ್ಕೆ ತಂದು ಒಂದು ಮಗುವಿಗೆ ಓದಿ ಹೇಳಬೇಕು, ಮಗು ಎಲ್ಲಿ ತಡವರಿಸಿತು ಎಂದು ಗುರುತು ಹಾಕಿಕೊಳ್ಳಬೇಕು. ಗಾಂಧಿ ಬಜಾರಿನ ಅಂಕಿತ, ಜಯನಗರದ ಸಪ್ನದಂಥ ಪುಸ್ತಕದಂಗಡಿಗಳಿಗೆ ಒಟ್ಟಾಗಿ ಹೋಗಿ, ಕ್ಯಾಟಲಾಗು ನೋಡಿ ಟಿಕ್ ಹಾಕುವ ಬದಲು ಪುಸ್ತಕ ಬಿಡಿಸಿ ಓದಿ ಕೊಳ್ಳಬೇಕು. ಟಾಟಾ ಟ್ರಸ್ಟ್ಸ್‌ನ ಪರಾಗ್ ಹಿಂದಿ, ಇಂಗ್ಲಿಷ್‌ಗಳಲ್ಲಿ ನಡೆಸಿರುವ ಲೈಬ್ರರಿ ಎಜುಕೇಟರ್ಸ್ ಕೋರ್ಸ್ ಕೆಲವು ದಿನ ಮುಖಾಮುಖಿ, ಉಳಿದ ತಿಂಗಳು ಕೆಲಸದಲ್ಲಿದ್ದುಕೊಂಡೇ ಕಲಿಯುವಂಥದು. ಅಂಥದ್ದನ್ನು ಕನ್ನಡದಲ್ಲಿ, ಸರ್ಕಾರಿ ಶಾಲೆಯ ಕೀಲಿ ಹಿಡಿದ ಶಿಕ್ಷಕರಿಗೂ ಎಟುಕುವಂತೆ ಮಾಡಬೇಕು. ರಾಜ್ಯದ ಶಿಕ್ಷಕರ ತರಬೇತಿಯನ್ನು ರೂಪಿಸುವ ಡಿಎಸ್‌ಇಆರ್‌ಟಿ ಇರುವುದು ಬನಶಂಕರಿ 3ನೇ ಹಂತದಲ್ಲೇ, ಇವರು ಕೂತ ಕೋಣೆಯಿಂದ ಒಂದು ಆಟೊ ದೂರ.

ಏಳುವ ಮುಂಚೆ ಪ್ರಾಂಶುಪಾಲರಿಗೆ ಕೊಡುವ ಅರ್ಜಿಯ ಕರಡು ತಯಾರಾಯಿತು. ಎಲ್ಲರದ್ದೂ ಒಂದೇ ಒಕ್ಕಣೆ, ಶಾಲೆಯ ಹೆಸರು ಮಾತ್ರ ಬೇರೆ. ಬೇಡಿಕೆ ಎರಡು. 50 ಗಂಟೆಯ ತರಬೇತಿ ಪಟ್ಟಿಯಲ್ಲಿ ಲೈಬ್ರರಿಯನ್ ಹೆಸರೂ ಇರಲಿ, ಈ ಶನಿವಾರಗಳೂ ಅದರಲ್ಲಿ ಲೆಕ್ಕಕ್ಕೆ ಬರಲಿ. ವಾರದ ಟೈಮ್‌ಟೇಬಲ್ಲಿನಲ್ಲಿ ಎರಡು ಪೀರಿಯಡ್ ಮಕ್ಕಳ ಪುಸ್ತಕ ಓದಲೆಂದೇ ಅವರಿಗೆ ಬಿಡಲಿ, ಆ ಹೊತ್ತಿನಲ್ಲಿ ಸಬ್‌ಸ್ಟಿಟ್ಯೂಷನ್ ಹಾಕದಿರಲಿ. ಜೆ.ಪಿ. ನಗರದ ಮಿಸ್ ಮೂರನೆಯದನ್ನು ತಮ್ಮ ಪ್ರತಿಯಲ್ಲಿ ಕೈಬರಹದಲ್ಲಿ ಸೇರಿಸಿಕೊಂಡರು: ಆ ಎರಡು ಪೀರಿಯಡ್‌ಗಳಲ್ಲಿ ಮೊದಲನೆಯದು ಸೋಮವಾರವೇ ಬೇಕು, ಐದನೇ ಕ್ಲಾಸಿನವರು ಲೈಬ್ರರಿಗೆ ಬರುವುದಕ್ಕೆ ಮುಂಚೆ.