ಏಳು ಸೀರೆಯ ಕೌದಿ

2019ರ ಆಗಸ್ಟಿನಲ್ಲಿ ಗೋಕಾಕದ ನನ್ನ ತವರುಮನೆಗೆ ಹೊಳೆ ಹೊಕ್ಕಿತು. ಘಟಪ್ರಭೆಯೂ ಮಾರ್ಕಂಡೇಯವೂ ಒಮ್ಮೆಲೇ ಏರಿದ ವಾರವದು. ನೀರು ಇಳಿದ ಮೇಲೆ ನಾನು ಹುಕ್ಕೇರಿ ಕಡೆಯಿಂದ, ತಂಗಿ ಮೂಡಲಗಿಯಿಂದ ಹೋಗಿ ನೋಡಿದರೆ ಅಂಗಡಿಯಿಂದ ತಂದಿದ್ದ ಗಾದಿಗಳು ಕೆಸರು ಕುಡಿದು ಉಬ್ಬಿ ಕೂತಿದ್ದವು. ಅವನ್ನು ಎಳೆದು ತಿಪ್ಪೆಗೆ ಹಾಕಿದೆವು. ಕೌದಿಗಳಿಗೆ ಮಾತ್ರ ಅವ್ವ ಕೈ ಹಚ್ಚಗೊಡಲಿಲ್ಲ. "ಅರಿವಿ ಐತವಾ ಅದು, ಒಗದ್ರ ಬರ್ತದ" ಅಂದಳು.

ಒದ್ದೆ ಕೌದಿ ಒಬ್ಬರ ಕೈಗೆ ಏಳುವುದಿಲ್ಲ. ನಾಲ್ಕು ಮಂದಿ ಹಿಡಿದು ಹಿಂಡಿ, ಮೂರು ನೀರು ತೆಗೆದು, ಮಾಳಿಗೆ ಮೇಲೆ ಹರವಿದೆವು. ಒಂದರ ಹೊಲಿಗೆ ಪೂರಾ ಹೋಗಿತ್ತು. ಅದನ್ನು ಬಿಚ್ಚಿಬಿಡೋಣ ಎಂದು ಕೂತೆವು. ಮೇಲಿನ ತ್ಯಾಪಿ ತೆಗೆದರೆ ನನ್ನ ಸಾಲಿಯ ನೀಲಿ ಲಂಗ. ಅದರ ಕೆಳಗೆ ಅಪ್ಪನ ಧೋತರ. ಅದರ ಕೆಳಗೆ ಒಂದರ ಮೇಲೊಂದು ಸೀರೆ. ಕಟ್ಟಕಡೆಗೆ ಅವ್ವನ ತಾಯಿಯ ಇಳಕಲ್ ಸೀರೆ, ಟೋಪ ತೆನಿ ಸೆರಗಿನ ಕೆಂಪು ಇನ್ನೂ ಕೆಂಪಾಗೇ ಇತ್ತು. ಎಣಿಸಿದೆವು, ಏಳು ಸೀರೆ. ತಂಗಿ ಮಾತೇ ಆಡಲಿಲ್ಲ. ಅವ್ವ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ, ಜಿಗುಟಿದ್ದವನ್ನು ಒಂದು ಕಡೆ, ಪಿಸಿದದ್ದನ್ನು ಒಂದು ಕಡೆ ಇಟ್ಟಳು. ಮುಂದಿನ ಬೇಸಿಗೆಯಲ್ಲಿ ಜಿಗುಟಿದ್ದವು ಮತ್ತೆ ಕೌದಿಯಾದವು.

ಕೌದಿ ಅಂದರೆ ಹಳೆ ಬಟ್ಟೆಯ ದುಪಟಿ ಎಂದು ಪ್ಯಾಟಿಯವರು ತಿಳಿದಿದ್ದಾರೆ. ಬಟ್ಟೆ ಹಳೆಯದು ನಿಜ, ಆದರೆ ಆರಿಸಿದ ಹಳೆಯದು. ಬರೀ ನೂಲಿನ ಬಟ್ಟೆಯೇ ಆಗಬೇಕು. ಒಗೆದು ಒಗೆದು ಮೆತ್ತಗಾಗಿರಬೇಕು, ಎಳೆದರೆ ಹರಿಯಬಾರದು. ನೆಲ ಸಾರಿಸಿ ಒಣಗಿದ ಮೇಲೆ ಸೀರೆ ಹಾಸಿ, ಮೂಲೆಗೊಂದು ಕಲ್ಲು ಹೇರಿ, ಸುಕ್ಕು ಬಿಡಿಸಿ, ಪದರದ ಮೇಲೆ ಪದರ ಹಾಕುತ್ತಾರೆ. ಮೇಲೆ ಬಣ್ಣಬಣ್ಣದ ತ್ಯಾಪಿ. ಆಮೇಲೆ ಅಂಚಿನಿಂದ ಶುರು ಮಾಡಿ ಸುತ್ತುತ್ತ ಸುತ್ತುತ್ತ ನಡುವಿನ ಕಡೆಗೆ ಹೊಲಿಗೆ. ಸಾಲಿಗೂ ಸಾಲಿಗೂ ಒಂದು ಬೆರಳಿನ ಅಂತರ. ನಡುವಿನಿಂದ ಶುರು ಮಾಡಿದರೆ ಬಟ್ಟೆ ಸರಿದು ಅಂಚು ಸೊಟ್ಟಗಾಗುತ್ತದೆ. ಮುಗಿಸುವ ಮುಂಚೆ ನಮ್ಮ ಅವ್ವ ಒಂದು ಮೂಲೆಯೊಳಗೆ ನಾಲ್ಕು ಅಕ್ಕಿ ಕಾಳು ಹಾಕಿ ಹೊಲಿಯುತ್ತಿದ್ದಳು. ಕೌದಿ ಹಸಿದಿರಬಾರದಂತೆ.

ನನ್ನ ಬಳಿ ಕಾಲಿನಿಂದ ತುಳಿಯುವ ಹೊಲಿಗೆ ಮಶಿನ್ ಇದೆ. ಜಂಪರ್ ಹೊಲಿಯುತ್ತೇನೆ, ಸೀರೆಗೆ ಪೀಕೋ ಫಾಲ್ ಮಾಡಿ ಕೊಡುತ್ತೇನೆ. ಒಮ್ಮೆ ಜಾಣತನ ಮಾಡಿ ಕೌದಿಯನ್ನೂ ಅದರಡಿ ತೂರಿಸಿದೆ. ಐದನೇ ಸಾಲಿಗೆ ಸೂಜಿ ಎರಡು ತುಂಡು. ಇನ್ನೊಂದು ಹಾಕಿದೆ, ಅದೂ ಹೋಯಿತು. "ಅದರ ಹೊಟ್ಟಿಗೆ ಹಿಡಿಸೂದಿಲ್ಲ ಬಿಡವಾ" ಎಂದು ಅತ್ತಿ ನಕ್ಕರು. ಅಂದಿನಿಂದ ಮಶಿನ್ನಿನ ಕೆಲಸ ಮಶಿನ್ನಿಗೆ, ಕೈಯ ಕೆಲಸ ಕೈಗೆ. ಜಂಪರ್ ಕತ್ತರಿಸಿ ಉಳಿದ ಖಣದ ತುಂಡುಗಳು ಕೂಸುಗಳ ಕುಲಾಯಿ, ಕುಂಚಿಗೆ ಆಗುತ್ತವೆ. ಅದಕ್ಕೂ ಸಣ್ಣವು ತ್ಯಾಪಿಯ ಗಂಟಿಗೆ ಸೇರುತ್ತವೆ.

ದಾರದ ಮಾತು ಹೇಳಲೇಬೇಕು. ಗೋಕಾಕದ ಫಾಲ್ಸಿನಲ್ಲಿ ಘಟಪ್ರಭೆ 52 ಮೀಟರ್ ಮೇಲಿನಿಂದ ಬೀಳುತ್ತದೆ. ಆ ನೀರಿನ ಬಲದ ಮೇಲೆ 1880ರ ದಶಕದಲ್ಲೇ ನೂಲಿನ ಗಿರಣಿ ಎದ್ದ ಸೀಮೆ ನಮ್ಮದು. ನೂಲಿನ ಊರಿನಲ್ಲಿ ಹುಟ್ಟಿದ ನಮ್ಮವ್ವ ಕೌದಿಗೆ ದಾರ ಕೊಂಡವಳಲ್ಲ. ಪಿಸಿದ ಸೀರೆಯ ದಡಿಯಿಂದ ಎಳೆ ಎಳೆಯಾಗಿ ಬಿಡಿಸಿ, ಎರಡೆಳೆ ಕೂಡಿಸಿ ಹೊಸೆದು ಸೂಜಿಗೆ ಪೋಣಿಸುತ್ತಿದ್ದಳು. ನಾನು ಅಷ್ಟು ಮಾಡುವುದಿಲ್ಲ, ದಾರದ ಉಂಡೆ ಕೊಳ್ಳುತ್ತೇನೆ. ಕಣ್ಣಿಗೆ ಅಷ್ಟು ಕಷ್ಟ ಕೊಟ್ಟು ಉಳಿಸುವ ರೊಕ್ಕ ಕಡೆಗೆ ಚಸ್ಮಾಕ್ಕೆ ಹೋಗುತ್ತದೆ.

ಮನೆ ಹಿಡಿದು ಬಾಳುವುದೆಂದರೆ ರೊಕ್ಕ ಬಿಗಿಹಿಡಿಯುವುದು ಎಂದು ಮದುವೆಯಾಗಿ ಬಂದ ಹೊಸದರಲ್ಲಿ ನಾನೂ ತಿಳಿದಿದ್ದೆ. ಅತ್ತಿಯವರು ಹೊತ್ತು ಹಿಡಿಯುವವರು. ಮಾರ್ಚ್ ತಿಂಗಳಲ್ಲಿ ಹೊಸ ಮೆಣಸಿನಕಾಯಿ ಬಂದಾಗಲೇ ವರ್ಷದ ಮಸಾಲಿ ಖಾರ ಕುಟ್ಟಿಸಬೇಕು. ಖಾರಕ್ಕೆ ಸಂಕೇಶ್ವರದ್ದು, ಬಣ್ಣಕ್ಕೆ ಬ್ಯಾಡಗಿಯದ್ದು. ಮಳೆಗಾಲದಲ್ಲಿ ಕೊಂಡರೆ ಬೆಲೆಯೂ ಹೆಚ್ಚು, ತೇವಕ್ಕೆ ಬೂಸರೂ ಹಿಡಿಯುತ್ತದೆ. ಕಡಲೆ ಚಿಗುರಿದಾಗ ಕುಡಿ ಚಿವುಟಿ, ನೆರಳಿನಲ್ಲಿ ಒಣಗಿಸಿ ಇಡಬೇಕು. ಬೇಸಿಗೆಯಲ್ಲಿ ಪಲ್ಯ ಇಲ್ಲದ ದಿನ ಆ ಒಣಸೊಪ್ಪು ಬೇಳೆಯೊಳಗೆ ಬಿದ್ದರೆ ಮತ್ತೇನೂ ಬೇಡ. ಕೌದಿ ಹೊಲಿಯುವುದೂ ಹೊಲದ ಕೆಲಸ ಕಡಿಮೆಯಿರುವ ಬೇಸಿಗೆಯಲ್ಲೇ. ಅದನ್ನು ಒಗೆಯುವುದು ಮಾನೌಮಿಯ ಮುಂಚೆ, ಹೊಳೆಯಲ್ಲಿ ನೀರೂ ಇದ್ದು ಮೇಲೆ ಬಿಸಿಲೂ ಬೀಳುವಾಗ. ಒಂದು ವಾರ ತಪ್ಪಿತೋ, ಅದೇ ವಸ್ತುವಿಗೆ ರೊಕ್ಕ ಕೊಡಬೇಕು.

ಅಡುಗೆಮನೆಯಲ್ಲಿ ಒಂದೇ ಒಂದು ಉದಾಹರಣೆ ಸಾಕು, ಕಟ್ಟಿನ ಸಾರು. ಹೋಳಿಗೆಗೆಂದು ಕಡಲೆಬೇಳೆ ಕುದಿಸಿದಾಗ ಬಸಿದ ನೀರೇ ಕಟ್ಟು. ಅದನ್ನು ಚೆಲ್ಲಿದ ಹೆಣ್ಣುಮಗಳನ್ನು ನಾನು ಈ ಸೀಮೆಯಲ್ಲಿ ಕಂಡಿಲ್ಲ. ಉಳ್ಳಾಗಡ್ಡಿ, ಒಣಕೊಬ್ಬರಿ ಸುಟ್ಟು ಅರೆದು, ಹುಣಸೆ ಹಿಂಡಿ, ಮಸಾಲಿ ಖಾರ ಹಾಕಿ, ಅಡಿಕೆ ಗಾತ್ರದ ಹೂರಣ ಕದಡಿ ಕುದಿಸಿದರೆ ಹೋಳಿಗೆಗಿಂತ ಅದಕ್ಕೇ ಗಿರಾಕಿ ಹೆಚ್ಚು. ಮರುದಿನ ಇನ್ನೂ ರುಚಿ. ಉಳಿದ ರೊಟ್ಟಿ ಮುರಿದು, ನೀರು ಚಿಮುಕಿಸಿ, ಶೇಂಗಾ, ಉಳ್ಳಾಗಡ್ಡಿ ಹಾಕಿ ಒಗ್ಗರಣೆ ಕೊಟ್ಟರೆ ಮುಂಜಾನೆಯ ನಾಷ್ಟಾ ಆಯಿತು. ಹೀರೇಕಾಯಿಯ ಸಿಪ್ಪೆ ಹುರಿದು ಚಟ್ನಿ. ಆದರೆ ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸುವ ಉಳಿತಾಯ ನನಗೆ ಬೇಡ. ಆ ವಿಷಯದಲ್ಲಿ ಅತ್ತಿಗೂ ನನಗೂ ಕಡೆತನಕ ಹೊಂದಲಿಲ್ಲ.

ಇನ್ನು ಹಿತ್ತಲು. ಇದರ ಬಗ್ಗೆ ನನಗೆ ಸ್ವಲ್ಪ ಸಿಟ್ಟೇ ಇದೆ. ಹಿಡಕಲ್ ಆಣೆಕಟ್ಟಿನ ಕಾಲುವೆ ನೀರು ಬಂದ ಮೇಲೆ ನಮ್ಮ ಮೂರೂ ತಾಲ್ಲೂಕಿನಲ್ಲಿ ಕಣ್ಣು ಹಾಯಿಸಿದತ್ತ ಕಬ್ಬು. ಕಬ್ಬಿನಿಂದ ಮನೆ ಕಟ್ಟಿದರು, ಮಕ್ಕಳನ್ನು ಓದಿಸಿದರು, ಸುಳ್ಳಲ್ಲ. ಆದರೆ ಜೋಳ ಬಿತ್ತುವಾಗ ಸಾಲಿನ ನಡುವೆ ತೊಗರಿ, ಮಡಕಿ, ಅಲಸಂದಿ ಅಕ್ಕಡಿಯಾಗಿ ಬೀಳುತ್ತಿದ್ದವು. ಹೊಲದಿಂದ ಬರುವ ಹೆಣ್ಣುಮಕ್ಕಳ ಉಡಿಯಲ್ಲಿ ಏನಾದರೊಂದು ಪಲ್ಯ ಇರುತ್ತಿತ್ತು. ವರ್ಷವಿಡೀ ನಿಲ್ಲುವ ಕಬ್ಬಿನೊಳಗೆ ಅಕ್ಕಡಿಗೆ ಎಲ್ಲಿ ಜಾಗ? ನೀರಾವರಿ ಭೂಮಿಯ ಒಡೆಯರು ಸಂತೆಯಲ್ಲಿ ಕೊತ್ತಂಬರಿ ಕಟ್ಟಿಗೆ ಚೌಕಾಸಿ ಮಾಡುತ್ತ ನಿಂತಿರುತ್ತಾರೆ. ಜೋಳವನ್ನೂ ಕೊಂಡು ತರುತ್ತಾರೆ.

ನಮ್ಮದೂ ಕಬ್ಬಿನ ಮನೆಯೇ. ಹಾಗಾಗಿ ಪಲ್ಯವನ್ನೆಲ್ಲ ಹಿತ್ತಲಿಗೆ ತಂದಿದ್ದೇನೆ. ಬಚ್ಚಲ ನೀರು ಬಾಳೆಗೆ, ಬಾಳೆ ದಾಟಿದ್ದು ಬಸಳೆಗೆ. ಸಾಬೂನಿನ ನೀರು ಸೊಪ್ಪಿಗೆ ನೇರ ಹೋಗಬಾರದು, ಅದಕ್ಕೇ ಬಾಳೆಯ ಬುಡ ಮೊದಲು. ಮುಸುರೆ ತೊಳೆದ ನೀರು ಎಮ್ಮೆಗೆ. ಒಲೆಯ ಬೂದಿ ಜರಡಿ ಹಿಡಿದು ಇಬ್ಬನಿ ಇರುವಾಗಲೇ ಅವರೆ ಬಳ್ಳಿಗೆ ಎರಚಿದರೆ ಹೇನು ಕಡಿಮೆ. ಜೂನ್ 7ರ ಹೊತ್ತಿಗೆ ಮಿರಗ ಹೂಡುತ್ತದಲ್ಲ, ಒಂದು ಹದಮಳೆ ಬಿದ್ದ ಕೂಡಲೇ ಹೀರೆ, ಸವತಿ, ಚವಳಿ, ಅವರೆ ಊರುತ್ತೇನೆ. ಬೀಜ ಕೊಳ್ಳುವುದಿಲ್ಲ. ಬಳ್ಳಿಯ ಮೊದಮೊದಲ ಕಾಯಿಗಳಲ್ಲಿ ಚೆಂದವಾದದ್ದೊಂದಕ್ಕೆ ಕೆಂಪು ದಾರ ಕಟ್ಟಿಬಿಡುತ್ತೇನೆ. ಅದನ್ನು ಯಾರೂ ಹರಿಯಕೂಡದು. ಅಲ್ಲೇ ಒಣಗಿ ಗಲಗಲ ಸಪ್ಪಳ ಮಾಡಿದಾಗ ಇಳಿಸಿ, ಬೀಜಕ್ಕೆ ಬೂದಿ ತಿಕ್ಕಿ ಗಡಿಗೆಯೊಳಗೆ. ಚಲೋ ಕಾಯಿ ಎಲ್ಲ ತಿಂದು ಕಡೆಯ ಸೊಟ್ಟ ಕಾಯಿಯನ್ನು ಬೀಜಕ್ಕೆ ಬಿಡುವವರಿದ್ದಾರೆ. ಮುಂದಿನ ವರ್ಷ ಸೊಟ್ಟ ಕಾಯಿಯೇ ಸಿಗುತ್ತದೆ.

ತಂಗಿಯ ಮನೆಯಿಂದ ಅರಭಾವಿ ದೂರವಲ್ಲ. ಅಲ್ಲಿ ಕಿತ್ತೂರು ರಾಣಿ ಚೆನ್ನಮ್ಮ ತೋಟಗಾರಿಕೆ ಕಾಲೇಜಿದೆ. ಹಿತ್ತಲಿನವರೂ ಹೋಗಿ ಕೇಳಬೇಕಾದ ಜಾಗ ಅದು, ದೊಡ್ಡ ರೈತರಿಗಷ್ಟೇ ಎಂದು ತಿಳಿಯಬೇಡಿ. ತಂಗಿ ಬಾಗಿಲ ಮುಂದೆ ಎರಡು ನುಗ್ಗೆ ಹಚ್ಚಿದ್ದಾಳೆ. ಕಾಯಿ ನೆಂಟರಿಗೆ, ಸೊಪ್ಪು ಮನೆಗೆ.

ಕಳೆದ ಮಳೆಗಾಲದ ನಾಲ್ಕು ತಿಂಗಳು ನಾನು ಸಂತೆಯಲ್ಲಿ ಕೊಂಡದ್ದು ಉಳ್ಳಾಗಡ್ಡಿ, ಬಟಾಟಿ, ಟೊಮ್ಯಾಟೊ, ಅಷ್ಟೇ. ಇದನ್ನು ಕೇಳಿ ನಮ್ಮ ಮನೆಯವರು "ಖರ್ಚೇ ಇಲ್ಲ" ಎಂದು ನಾಲ್ಕು ಮಂದಿಯ ಮುಂದೆ ಹೆಮ್ಮೆಯಿಂದ ಹೇಳಿದರು. ಖರ್ಚು ಇಲ್ಲದೆ ಇಲ್ಲ, ಅದು ನನ್ನ ಮಧ್ಯಾಹ್ನಗಳ ಲೆಕ್ಕದಲ್ಲಿದೆ. ಇಬ್ಬರು ಕೂತರೆ ಒಂದು ಕೌದಿಗೆ ಮೂರು ವಾರದ ಮಧ್ಯಾಹ್ನ ಬೇಕು. ಆ ಹೊತ್ತಿನಲ್ಲಿ ಜಂಪರ್ ಹೊಲಿದಿದ್ದರೆ ರೊಕ್ಕ ಬರುತ್ತಿತ್ತು. ಹಾಗಾಗಿ ಕೌದಿ ಅಗ್ಗದ ವಸ್ತು ಎಂದು ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಬೇರೆಯವರಿಂದ ಹೊಲಿಸಿಕೊಳ್ಳುವವರು ಕೂಲಿಯಲ್ಲಿ ಚೌಕಾಸಿ ಮಾಡಬೇಡಿ.

ಇನ್ನೊಂದು ಮಾತು. ಹಳೆ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವವರು ಓಣಿಗೆ ಬಂದಾಗ ಇಡೀ ಗಂಟು ತಂದು ಅವರ ಮುಂದೆ ಸುರಿಯಬೇಡಿ. ಮಿರಿಮಿರಿ ಹೊಳೆಯುವ ಪಾಲಿಸ್ಟರ್ ಸೀರೆಗಳನ್ನು ಧಾರಾಳವಾಗಿ ಕೊಡಿ. ಅವು ಕೌದಿಯೊಳಗೆ ಜಾರುತ್ತವೆ, ಬೆವರು ಹೀರುವುದಿಲ್ಲ. ನೂಲಿನ ಸೀರೆ ಏಳಾಗುವ ತನಕ ಎತ್ತಿಡಿ.