ಟೆಂಪೋ ಯಾವ ಊರಿನದು?



ನಮ್ಮ ಹಿತ್ತಲಲ್ಲಿ ದೊಡ್ಡಪ್ಪನ ಹಳೇ ಮೆಟಡೋರ್ ನಿಂತಿರುವುದನ್ನು ನೀವೆಲ್ಲ ನೋಡಿದ್ದೀರಿ. ಹೋದ ವಾರ ಗುಜರಿಯವರು ಬಂದು ಅದನ್ನು ತೂಕಕ್ಕೆ ಕೇಳಿದರು. ದೊಡ್ಡಪ್ಪ "ಒಳಗೆ ಕೋಳಿ ಕಾವಿಗೆ ಕೂತಿದೆ, ಮರಿ ಆದಮೇಲೆ ಬನ್ನಿ" ಅಂತ ಕಳಿಸಿಬಿಟ್ಟರು. ಅದರ ಮೇಲೆ ಇಂಗ್ಲಿಷಿನಲ್ಲಿ 'ಟೆಂಪೋ' ಎಂದು ಬರೆದಿದೆ. ಸಾಮಾನು ಹೊರುವ ಗಾಡಿಗೆಲ್ಲ ಟೆಂಪೋ ಅಂತೀವಲ್ಲ, ಇದೊಂದಕ್ಕೆ ಯಾಕೆ ಬರೆದಿದ್ದಾರೆ ಅಂತ ಕೇಳಿದೆ. "ಅದು ಕಂಪನಿ ಹೆಸರು ಕಣೋ" ಅಂದರು. ಆಮೇಲೆ ನಾನು ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ಟೆಂಪೋ ಜರ್ಮನಿ ದೇಶದ ಕಂಪನಿ. ಹ್ಯಾಂಬರ್ಗ್ ಎಂಬ ಬಂದರು ಪಟ್ಟಣದಲ್ಲಿ ಆಸ್ಕರ್ ವಿಡಾಲ್ ಎಂಬುವರು 1924ರಲ್ಲಿ ಇದನ್ನು ಆರಂಭಿಸಿದರು. ಮೊದಲು ಮಾಡಿದ್ದು ಮೂರು ಚಕ್ರದ ಗಾಡಿಗಳು. 1928ರಿಂದ ಅಲ್ಲಿ 200 ಸಿಸಿ ಒಳಗಿನ ಮೂರು ಚಕ್ರದ ಗಾಡಿಗೆ ತೆರಿಗೆ ಇರಲಿಲ್ಲ, ಓಡಿಸಲು ಲೈಸೆನ್ಸೂ ಬೇಡ. ಅಂಗಡಿಯವರು ಬಿಡ್ತಾರಾ?

ಎರಡನೇ ಮಹಾಯುದ್ಧ ಮುಗಿದ ಮೇಲೆ, 1949ರಲ್ಲಿ, ನಾಲ್ಕು ಚಕ್ರದ ಮೆಟಡೋರ್ ಬಂತು. ಮೆಟಡೋರ್ ಎಂದರೆ ಸ್ಪೇನ್ ದೇಶದಲ್ಲಿ ಗೂಳಿ ಜೊತೆ ಕಾದಾಡುವವನು! ಗಾಡಿ ಇವರದು, ಎಂಜಿನ್ ಮಾತ್ರ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನದು, 25 ಅಶ್ವಶಕ್ತಿ. ಬೀಟಲ್ ಕಾರಿಗೆ ಎಂಜಿನ್ ಹಿಂದೆ ಇರುತ್ತದೆ. ಇವರು ಅದನ್ನು ಮುಂದಕ್ಕೆ ತಂದು ಮುಂದಿನ ಚಕ್ರಗಳಿಗೇ ಜೋಡಿಸಿದರು. ಇದರಲ್ಲಿ ಒಂದು ಜಾಣತನವಿದೆ. ಲಾರಿಯಲ್ಲಿ ಎಂಜಿನ್ ಮುಂದೆ ಇದ್ದರೂ ಅದು ತಿರುಗಿಸುವುದು ಹಿಂದಿನ ಚಕ್ರವನ್ನು. ಅದಕ್ಕೆ ನಡುವೆ ಉದ್ದನೆಯ ರಾಡು ಬೇಕು, ಹಲಗೆ ಅದರ ಮೇಲೆ ಎತ್ತರದಲ್ಲಿ ಬರುತ್ತದೆ. ಮೆಟಡೋರಿಗೆ ಆ ರಾಡೇ ಬೇಡ, ಹಲಗೆ ತಗ್ಗಿನಲ್ಲಿರುತ್ತದೆ, ಮೂಟೆ ಹತ್ತಿಸುವುದು ಸಲೀಸು. ನಂಬಿಕೆ ಬರದೆ ನಾನು ನಮ್ಮ ಗಾಡಿಯ ಕೆಳಗೆ ಮಲಗಿ ನೋಡಿದೆ. ನಿಜವಾಗಿಯೂ ರಾಡು ಇಲ್ಲ. ಅಂಗಿಗೆಲ್ಲ ಕೋಳಿ ಪಿಚ್ಚಿಕೆ ಆಗಿ ಅಮ್ಮನಿಂದ ಬೈಸಿಕೊಂಡೆ.

ಆದರೆ 1950ರಲ್ಲಿ ಫೋಕ್ಸ್‌ವ್ಯಾಗನ್‌ನವರು ತಮ್ಮದೇ ವ್ಯಾನ್ ತಂದರು. ತಾವೇ ವ್ಯಾನ್ ಮಾರುವಾಗ ಬೇರೆಯವರಿಗೆ ಎಂಜಿನ್ ಯಾಕೆ ಕೊಡ್ತಾರೆ? ನಿಲ್ಲಿಸಿದರು. ಟೆಂಪೋದವರು ಹೈಂಕೆಲ್ ಕಂಪನಿಗೆ ಹೋದರು. ಯುದ್ಧದಲ್ಲಿ ಬಾಂಬ್ ಹಾಕುವ ವಿಮಾನ ಮಾಡಿದ ಕಂಪನಿ ಅದು! ಆಮೇಲೆ ಇಂಗ್ಲೆಂಡಿನ ಆಸ್ಟಿನ್ ಎಂಜಿನ್ ಹಾಕಿದರು. ಹೀಗೆ ಎರವಲು ಎಂಜಿನ್ನಿನಲ್ಲೇ ಸಂಸಾರ ನಡೆಯಿತು. ಕೊನೆಗೆ ಕಂಪನಿ ಹಾನೊಮಾಗ್‌ನವರ ಕೈಗೆ, ಅಲ್ಲಿಂದ ಮರ್ಸಿಡಿಸ್ ಬೆಂಝ್‌ನವರ ಕೈಗೆ ಹೋಯಿತು. ಇದೇ ವಂಶದ ವ್ಯಾನು ಜರ್ಮನಿಯಲ್ಲಿ 1977ರಲ್ಲಿ ನಿಂತುಹೋಯಿತು.

ನಮ್ಮ ದೇಶದಲ್ಲಿ ನಿಲ್ಲಲಿಲ್ಲ. 1958ರಲ್ಲಿ ಬಜಾಜ್ ಟೆಂಪೋ ಎಂಬ ಕಂಪನಿ ಶುರುವಾಗಿತ್ತು. ಮೊದಲು ಮೂರು ಚಕ್ರದ್ದು, 1969ರಲ್ಲಿ ಮೆಟಡೋರ್. ಮುಂದೆ ಅದಕ್ಕೆ ಮರ್ಸಿಡಿಸ್ ಡೀಸೆಲ್ ಎಂಜಿನ್ ಕೂರಿಸಿದರು. ಹಾಗಾದರೆ ನಮ್ಮ ಕೋಳಿ ಕೂತಿರುವುದು ಬೆಂಝ್ ಎಂಜಿನ್ನಿನ ಗಾಡಿಯಲ್ಲಿ!

ಜರ್ಮನಿಯಲ್ಲಿ ಇದರ ಜಾಗಕ್ಕೆ ಬಂದ ಮರ್ಸಿಡಿಸ್ ವ್ಯಾನೂ ಇಲ್ಲಿಗೆ ಬಂತು. 1987ರಲ್ಲಿ ಬಂದ ಟೆಂಪೋ ಟ್ರಾವೆಲರ್ ಅದೇ. ಮದುವೆಗೆ ಹೋಗುವ ಟಿಟಿ. 2005ರಲ್ಲಿ ಕಂಪನಿ ಹೆಸರು ಫೋರ್ಸ್ ಮೋಟಾರ್ಸ್ ಆಯಿತು. ಟೆಂಪೋ ಎಂಬ ಹೆಸರು ನಮ್ಮ ಬಾಯಲ್ಲಿ ಉಳಿಯಿತು.

ಮರಿ ಆಗಲು ಇನ್ನೂ ಹತ್ತು ದಿನ ಇದೆ. ಗಾಡಿ ನೋಡಬೇಕೆನ್ನುವವರು ಭಾನುವಾರ ಬನ್ನಿ. ರಾಡು ಇಲ್ಲದ್ದನ್ನು ತೋರಿಸುತ್ತೇನೆ. ಒಳಗೆ ಮಾತ್ರ ಹತ್ತಬೇಡಿ, ಕೋಳಿ ಕುಕ್ಕುತ್ತದೆ.