ದೇವರ ಮೌನ

ಹಿಂದಿನವರೊಡನೆ ದೇವರು ಮಾತನಾಡುತ್ತಿದ್ದನಂತೆ. ನಮ್ಮ ಕಾಲಕ್ಕೆ ಮಾತ್ರ ಏಕೆ ಸುಮ್ಮನಾದ? ಈ ಪ್ರಶ್ನೆಯನ್ನು ಕೇಳುವವರೆಲ್ಲ ನಾಸ್ತಿಕರಲ್ಲ. ದಿನವೂ ದೀಪ ಹಚ್ಚಿ ಕೈಮುಗಿಯುವವರ ಮನಸ್ಸಿನಲ್ಲಿಯೂ ಅದು ಒಮ್ಮೊಮ್ಮೆ ಏಳುವುದುಂಟು. ಆದ್ದರಿಂದ ಇದನ್ನು ಕುಚೋದ್ಯವೆಂದು ತಳ್ಳಿಹಾಕದೆ ವಿಚಾರಿಸಿ ನೋಡುವುದು ಒಳ್ಳೆಯದು.

ಹಿಂದಿನವರು ಯಾವುದನ್ನು ದೇವರ ಮಾತೆಂದು ತಿಳಿದಿದ್ದರು? ಸಿಡುಬಿನ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ನಮ್ಮ ನಾಡಿನಲ್ಲಿ ಆ ರೋಗಕ್ಕೆ 'ಅಮ್ಮ' ಎಂದೇ ಹೆಸರಿತ್ತು. ಮೈಮೇಲೆ ಗುಳ್ಳೆ ಎದ್ದರೆ ದೇವಿ ಮನೆಗೆ ಬಂದಳೆಂದು ಬೇವಿನ ಸೊಪ್ಪು ಕಟ್ಟಿ ಹರಕೆ ಹೊರುತ್ತಿದ್ದರು. ಗುಳ್ಳೆ ಹೆಚ್ಚಿದರೆ ಅವಳ ಮುನಿಸು, ಇಳಿದರೆ ಅವಳ ಕೃಪೆ. 1796ರಲ್ಲಿ ಇಂಗ್ಲೆಂಡಿನ ಎಡ್ವರ್ಡ್ ಜೆನ್ನರ್ ಸಿಡುಬನ್ನು ತಡೆಯುವ ಬಗೆಯನ್ನು ಪ್ರಯೋಗದಿಂದ ತೋರಿಸಿದ. ಮುಂದೆ ಲಸಿಕೆ ಹಾಕುವವರು ಊರೂರು ತಿರುಗಿದರು. 1980ರಲ್ಲಿ ಆ ರೋಗ ಭೂಮಿಯಿಂದಲೇ ತೊಲಗಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಗ್ರಹಣ, ಭೂಕಂಪಗಳಿಗೂ ಹೀಗೆಯೇ ಕಾರಣಗಳು ತಿಳಿದುಬಂದವು. ಒಂದು ಕಾಲಕ್ಕೆ ದೇವರ ನುಡಿಯಾಗಿದ್ದ ಘಟನೆಗಳು ಈಗ ಪ್ರಕೃತಿಯ ನಿಯಮಗಳಾದವು. ಇದಕ್ಕಾಗಿ ಮರುಗಬೇಕಾಗಿಲ್ಲ, ಎಷ್ಟೋ ಮಕ್ಕಳ ಕಣ್ಣು, ಪ್ರಾಣ ಉಳಿದದ್ದು ಇದರಿಂದಲೇ.

ಆದರೆ ಸಂಕಟದಲ್ಲಿರುವವನಿಗೆ ಕಾರಣವೊಂದೇ ಸಾಲದು, ಸಮಾಧಾನವೂ ಬೇಕು. ಅದು ದೊರೆಯದಿದ್ದಾಗ ಕೆಲವರು ರೇಡಿಯೋದ ಉಪಮೆ ಹೇಳುತ್ತಾರೆ: ತರಂಗಗಳು ಸದಾ ಬರುತ್ತಲೇ ಇವೆ, ಮುಳ್ಳನ್ನು ಸರಿಯಾದ ಸ್ಥಾನಕ್ಕೆ ತಿರುಗಿಸದಿದ್ದುದು ಕೇಳುವವನ ತಪ್ಪು. ಉಪಮೆ ಸೊಗಸಾಗಿದೆ, ಆದರೆ ನೊಂದವನ ಮೇಲೆಯೇ ಅಪರಾಧ ಹೊರಿಸುತ್ತದೆ.

ಮದರ್ ತೆರೇಸಾ ಅವರ ಬಾಳನ್ನು ನೋಡಿ. 1946ರ ಸೆಪ್ಟೆಂಬರ್ 10ರಂದು, ಡಾರ್ಜಿಲಿಂಗಿಗೆ ಹೋಗುವ ರೈಲಿನಲ್ಲಿ, ಬಡವರ ನಡುವೆ ಬಾಳಬೇಕೆಂಬ ಕರೆ ತಮಗೆ ಬಂದಿತೆಂದು ಅವರು ನಂಬಿದ್ದರು. 1950ರಲ್ಲಿ ಅವರ ಸಂಸ್ಥೆ ನೆಲೆಗೊಳ್ಳುವ ಹೊತ್ತಿಗೆ ಆ ದನಿ ನಿಂತುಹೋಗಿತ್ತು. ಪ್ರಾರ್ಥನೆಗೆ ಕುಳಿತರೆ ಒಳಗೆ ಬರಿಯ ಕತ್ತಲೆ. ನಡುವೆ ಅಲ್ಪಕಾಲವನ್ನು ಬಿಟ್ಟರೆ ಸುಮಾರು ಅರ್ಧ ಶತಮಾನ ಅದೇ ಸ್ಥಿತಿ. 1997ರಲ್ಲಿ ಅವರು ತೀರಿಕೊಂಡು ಹತ್ತು ವರ್ಷಗಳಾದ ಮೇಲೆ, ಗುರುಗಳಿಗೆ ಬರೆದಿದ್ದ ಪತ್ರಗಳು ಪ್ರಕಟವಾದಾಗ ಲೋಕ ಬೆರಗಾಯಿತು. ಇಂಥವರಲ್ಲಿ ಶ್ರದ್ಧೆ ಸಾಲದೆಂದು ಹೇಳುವುದು ಹೇಗೆ? ಅವರಾದರೋ ಉತ್ತರ ಬರಲೆಂದು ಕೈಕಟ್ಟಿ ಕೂರಲಿಲ್ಲ. 1952ರಲ್ಲಿ ಕಲ್ಕತ್ತೆಯ ಕಾಳೀಘಾಟದಲ್ಲಿ ಒಂದು ಆಶ್ರಯಮನೆ ತೆರೆದು, ಬೀದಿಯಲ್ಲಿ ಸಾಯುತ್ತಿದ್ದವರನ್ನು ಅಲ್ಲಿಗೆ ತಂದು, ಮೈತೊಳೆದು, ಉಣಿಸಿ, ಅವರ ಕೊನೆಗಾಲದಲ್ಲಿ ಜೊತೆಗಿದ್ದರು.

ಮೌನ ನಮ್ಮ ಪ್ರಾಚೀನರಿಗೂ ಹೊಸದಾಗಿರಲಿಲ್ಲ. ಶಂಕರಾಚಾರ್ಯರು ಬ್ರಹ್ಮಸೂತ್ರ ಭಾಷ್ಯದಲ್ಲಿ ಒಂದು ಹಳೆಯ ಪ್ರಸಂಗವನ್ನು ತರುತ್ತಾರೆ. ಬ್ರಹ್ಮವೆಂದರೇನೆಂದು ಬಾಷ್ಕಲಿ ಬಾಧ್ವನನ್ನು ಕೇಳಿದ. ಬಾಧ್ವ ಸುಮ್ಮನಿದ್ದ. ಮತ್ತೆ ಮತ್ತೆ ಕೇಳಿದಾಗ, ತಾನು ಹೇಳುತ್ತಲೇ ಇರುವುದಾಗಿಯೂ, ಆತ್ಮವು ಶಾಂತಸ್ವರೂಪವೇ ಆಗಿರುವುದಾಗಿಯೂ ತಿಳಿಸಿದ. ಮೌನದ ಹಿಂದೆ ಬೇರೊಂದು ಮಾತು ಅಡಗಿಲ್ಲ, ಮೌನವೇ ಅಲ್ಲಿ ಉತ್ತರವೆಂಬುದು ಇದರ ತಾತ್ಪರ್ಯ.

ಹೀಗೆಂದ ಮಾತ್ರಕ್ಕೆ ಮೌನವು ದೇವರ ಇರವನ್ನು ಸಾಧಿಸಿಕೊಡುವುದಿಲ್ಲ, ಇಲ್ಲವೆಂದೂ ಸಾಧಿಸುವುದಿಲ್ಲ. ಆ ವಾದ ಮುಂದುವರಿಯಲಿ. ಅಷ್ಟರಲ್ಲಿ ನಮ್ಮ ನೆರೆಯಲ್ಲಿ ಯಾರಾದರೂ ದೇವರು ಕೇಳಿಸಿಕೊಳ್ಳಲಿಲ್ಲವೆಂದು ಅತ್ತರೆ, ಅವರ ಭಕ್ತಿಯನ್ನು ಅಳೆಯಲು ಹೋಗದೆ, ನಾವಾದರೂ ಕುಳಿತು ಕೇಳಬಹುದು.